ಭೂಕಂಪ ಆದ್ರೆ ಪ್ಲಾಂಟ್‌ನಲ್ಲಿರೋ ಸ್ಟೀಲ್ ಪೈಪ್ ಬೆಂಡ್‌ಗಳು ಮುರಿದು ಬೀಳ್ತಾವಾ? ದಪ್ಪ ಬೆಂಡ್ ಹಾಕಿದ್ರೆ ಸಾಕಾ?

ಮುರಿದು ಬೀಳೋದು ಬಹಳ ಅಪರೂಪ. ಸುಮ್ನೆ ದಪ್ಪ ಬೆಂಡ್ ಹಾಕೋದು ಪರಿಹಾರ ಅಲ್ಲ, ಕೆಲವೊಮ್ಮೆ ಅದ್ರಿಂದಲೇ ತೊಂದ್ರೆ ಜಾಸ್ತಿ ಆಗುತ್ತೆ. ನಾನು ಪೈಪಿಂಗ್ ಸ್ಟ್ರೆಸ್ ಅನಾಲಿಸಿಸ್ (ಪೈಪಿನ ಲೋಹದ ಮೇಲೆ ಎಷ್ಟು ಒತ್ತಡ ಬೀಳುತ್ತೆ ಅಂತ ಲೆಕ್ಕ ಹಾಕೋ) ಕೆಲಸದಲ್ಲಿರೋನು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ನೇರ ಪೈಪ್ ಬಾಗಿದ್ರೂ ಅದು ಹೆಚ್ಚುಕಮ್ಮಿ ದುಂಡಗೇ ಇರುತ್ತೆ, ಆದ್ರೆ ಬೆಂಡ್ ಬಾಗಿದಾಗ ಅಂಡಾಕಾರಕ್ಕೆ ಚಪ್ಪಟೆ ಆಗುತ್ತೆ, ಇದರ ಲೆಕ್ಕವನ್ನ 1911ರಲ್ಲೇ ಫಾನ್ ಕಾರ್ಮಾನ್ ಅನ್ನೋ ಎಂಜಿನಿಯರ್ ಮಾಡಿಟ್ಟಿದ್ದಾರೆ. 8 ಇಂಚಿನ ಶೆಡ್ಯೂಲ್ 40 ಲಾಂಗ್ ರೇಡಿಯಸ್ ಎಲ್ಬೋ, ಅಂದ್ರೆ ದೊಡ್ಡ ತಿರುವಿನ ರೆಡಿಮೇಡ್ ಬೆಂಡ್ ತಗೊಳ್ಳಿ (ಶೆಡ್ಯೂಲ್ ಅಂದ್ರೆ ಗೋಡೆ ದಪ್ಪದ ನಂಬರ್, ನಂಬರ್ ಹೆಚ್ಚಿದಷ್ಟೂ ದಪ್ಪ). ಪೈಪಿಂಗ್ ಡಿಸೈನ್ ಕೋಡ್‌ನ (ನಿಯಮ ಪುಸ್ತಕದ) ಫಾರ್ಮುಲಾ ಪ್ರಕಾರ ಅದು ಅಷ್ಟೇ ಉದ್ದದ ನೇರ ಪೈಪಿಗಿಂತ ಸುಮಾರು 7 ಪಟ್ಟು ಸುಲಭವಾಗಿ ಬಾಗುತ್ತೆ, ಸ್ಟ್ರೆಸ್ ಕೂಡ ಸುಮಾರು 2.4 ಪಟ್ಟು ಏರುತ್ತೆ. ಅಂದ್ರೆ ನೆಲ ಅಲ್ಲಾಡಿದಾಗ ಇಡೀ ಲೈನ್‌ನ ಚಲನೆಯನ್ನ ನುಂಗಿಕೊಳ್ಳೋದು ಈ ಬೆಂಡೇ, ಏಟು ತಿನ್ನೋದೂ ಅದೇ.

ಅದೇ ಸೈಜಿಗೆ ಶೆಡ್ಯೂಲ್ 80 ಹಾಕಿದ್ರೆ ಆ 7 ಇಳಿದು 4.5ರ ಹತ್ರ ಬರುತ್ತೆ. ಬೆಂಡ್‌ಗೆ ಹಾಯ್ ಅನಿಸುತ್ತೆ ನಿಜ, ಆದ್ರೆ ಅದು ಬಗ್ಗದೇ ಇದ್ದಾಗ ಆ ಲೋಡ್ ಎಲ್ಲಿಗೆ ಹೋಗ್ಬೇಕು? ಪಂಪ್ ನಾಝಲ್‌ಗೆ (ಪೈಪ್ ಪಂಪ್‌ಗೆ ಸೇರೋ ಬಾಯಿ), ಫ್ಲ್ಯಾಂಜ್‌ಗೆ (ಬೋಲ್ಟ್ ಹಾಕಿ ಸೇರಿಸೋ ಜಾಯಿಂಟ್), ಸಪೋರ್ಟ್‌ಗೆ. ಜೊತೆಗೆ ಪೈಪ್ ತೂಕ ಬೇರೆ ಜಾಸ್ತಿ ಆಗುತ್ತೆ, ತೂಕ ಹೆಚ್ಚಿದಷ್ಟೂ ಭೂಕಂಪದ ಬಲನೂ ಹೆಚ್ಚು.

ಹಾಗಾದ್ರೆ ಬೆಂಡ್ ಸೋಲೋದು ಹೇಗೆ? ತಂತಿನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಕೊನೆಗೆ ತುಂಡಾಗುತ್ತಲ್ಲ, ಹಂಗೆ, ಇದನ್ನ ಲೋ ಸೈಕಲ್ ಫಟೀಗ್ ಅಂತಾರೆ. ಒಳಗೆ ಪ್ರೆಶರ್ ಇದ್ರೆ ಪ್ರತಿ ಸಲ ಬಾಗಿದಾಗಲೂ ಗೋಡೆ ಸ್ವಲ್ಪ ಸ್ವಲ್ಪ ಹೊರಕ್ಕೆ ಉಬ್ಬುತ್ತಾ ಹೋಗುತ್ತೆ, ಮತ್ತೆ ವಾಪಸ್ ಬರಲ್ಲ, ಅದು ರ‍್ಯಾಚೆಟಿಂಗ್. 1980ರ ದಶಕದಲ್ಲಿ ಅಮೆರಿಕದಲ್ಲಿ ಇಪ್ರಿ ಅನ್ನೋ ವಿದ್ಯುತ್ ಸಂಶೋಧನಾ ಸಂಸ್ಥೆ ಮತ್ತೆ ಅಲ್ಲಿನ ನ್ಯೂಕ್ಲಿಯರ್ ರೆಗ್ಯುಲೇಟರ್ ಸೇರಿ ಎಲ್ಬೋ, ಟೀ (ಮೂರು ಬಾಯಿಯ ಜಾಯಿಂಟ್) ಎಲ್ಲ ಅಲ್ಲಾಡಿಸಿ ಟೆಸ್ಟ್ ಮಾಡಿದಾಗ ಕಂಡಿದ್ದೂ ಹೆಚ್ಚಾಗಿ ಇದೇ, ಕುಸಿದು ಬೀಳೋದಲ್ಲ, ಬಿರುಕು ಬಿಟ್ಟು ಲೀಕ್ ಆಗೋದು. ಅಲ್ಲಿಗೆ ಬರೋ ಮುಂಚೆ ಆ ಸ್ಟೀಲ್ ಡಿಸೈನ್ ಲೋಡ್‌ಗಿಂತ ಎಷ್ಟೋ ಜಾಸ್ತಿ ತಡ್ಕೊಂಡಿತ್ತು, ನನಗೆ ಈ ಮೆಟೀರಿಯಲ್ ಮೇಲೆ ಗೌರವ ಬಂದಿದ್ದೇ ಅದನ್ನ ಓದಿದ ಮೇಲೆ.

ನಿಜವಾದ ಭೂಕಂಪಗಳಲ್ಲಿ ಪೈಪ್ ಹೋಗೋದು ಬಹಳಷ್ಟು ಸಲ ಅಕ್ಕಪಕ್ಕದ ಟ್ಯಾಂಕ್, ಸಲಕರಣೆಗಳಿಂದ. 2011ರಲ್ಲಿ ಜಪಾನಿನ ಚೀಬಾದ ರಿಫೈನರಿಲಿ ಎಲ್‌ಪಿಜಿ ಟ್ಯಾಂಕ್ ಒಂದರಲ್ಲಿ ಇನ್ಸ್‌ಪೆಕ್ಷನ್‌ಗೆ ಅಂತ ನೀರು ತುಂಬಿಸಿಟ್ಟಿದ್ರು, ಎಲ್‌ಪಿಜಿಗಿಂತ ನೀರು ಸುಮಾರು ಎರಡು ಪಟ್ಟು ಭಾರ, ಮೊದಲ ಕಂಪನಕ್ಕೆ ಅದರ ಕಾಲುಗಳ ಬ್ರೇಸ್ (ಕಾಲುಗಳನ್ನ ಬಿಗಿದಿಡೋ ಅಡ್ಡ ಸಲಾಕೆ) ಹೋಯ್ತು, ಮುಂದಿನದಕ್ಕೆ ಟ್ಯಾಂಕೇ ಕುಸಿದು ಪಕ್ಕದ ಪೈಪ್‌ಗಳನ್ನ ಕಿತ್ತುಹಾಕ್ತು, ಗ್ಯಾಸ್ ಲೀಕ್ ಆಗಿ ದೊಡ್ಡ ಬೆಂಕಿ. ಅದಕ್ಕೆ ನೀವು ಡಿಸೈನ್ ಮಾಡ್ತಿದ್ರೆ ಮೊದಲು ನೋಡ್ಬೇಕಾದ್ದು ಪೈಪಿನ ಎರಡು ತುದಿಗಳು ಬೇರೆ ಬೇರೆ ಥರ ಎಷ್ಟು ಸರಿಯಬಹುದು ಅನ್ನೋದನ್ನ (ಒಂದು ತುದಿ ಟ್ಯಾಂಕ್, ಇನ್ನೊಂದು ಪೈಪ್ ರ‍್ಯಾಕ್), ಆಮೇಲೆ ದೊಡ್ಡ ಲೈನ್‌ಗೆ ಅಂಟಿಕೊಂಡಿರೋ ಮುಕ್ಕಾಲು ಇಂಚಿನ ಸಣ್ಣ ಬ್ರಾಂಚ್‌ಗಳನ್ನ, ಥ್ರೆಡೆಡ್ ಜಾಯಿಂಟ್‌ಗಳನ್ನ, ತುಕ್ಕು ಹಿಡಿದು ಸವೆದ ಜಾಗಗಳನ್ನ.

ಜೋರಾಗಿ ಕಂಪಿಸಿದ ಪ್ಲಾಂಟ್‌ನಲ್ಲಿ ಚೆಕ್ ಮಾಡೋರಿಗೆ ಇನ್ನೊಂದು ಮಾತು: ಬೆಂಡ್‌ನ ಬಿರುಕು ಸಾಮಾನ್ಯವಾಗಿ ಪಕ್ಕೆಯಲ್ಲಿ, ಅಂದ್ರೆ ಹೊರ ತಿರುವು ಒಳ ತಿರುವುಗಳ ನಡುವೆ, ಪೈಪಿನ ಉದ್ದಕ್ಕೆ, ಹೆಚ್ಚಾಗಿ ಒಳಗಿನಿಂದ ಶುರುವಾಗುತ್ತೆ. ಹೊರಗೆ ಡೈ (ಬಿರುಕನ್ನ ಎತ್ತಿ ತೋರಿಸೋ ಬಣ್ಣ) ಹಾಕಿ ನೋಡಿದ್ರೆ ಕಾಣಲ್ಲ, ಅಲ್ಟ್ರಾಸಾನಿಕ್ ಟೆಸ್ಟ್ ಮಾಡಿಸಿ.