ಮಳೆಗಾಲದಲ್ಲಿ ಅಂಟುವ ನಾರು, ಪೆರಾಕ್ಸೈಡ್‌ಗೂ ಸಾಯದ ಕೋಶ

ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ (ಹೆಚ್ಚಿನ ವೋಲ್ಟೇಜ್‌ನಿಂದ ದ್ರಾವಣವನ್ನು ಸಣ್ಣ ನಾರಾಗಿ ಎಳೆಯುವ ವಿಧಾನ) ತೆಗೆಯುವ ಪಿವಿಎ–ಕರ್ಕ್ಯುಮಿನ್ ನಾರು, ಅಂದರೆ ನೀರಲ್ಲಿ ಕರಗುವ ಪಾಲಿಮರ್‌ಗೆ ಅರಿಶಿನದ ಕರ್ಕ್ಯುಮಿನ್ ಬೆರೆಸಿದ ನಾರು, ಜೂನ್‌ನಿಂದ ಮಣಿ ಕಟ್ಟಿ ಅಂಟುತ್ತಿದೆ; ಅದು ಕೋಶಗಳನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಕಾಯುತ್ತದೆಯೇ ಎಂದು ನೋಡುವಾಗ, ಹೋಲಿಕೆಗೆ ಇಟ್ಟ ನಾರಿಲ್ಲದ ಕಂಟ್ರೋಲ್ ಕೋಶಗಳೂ ಸಾಯುತ್ತಿಲ್ಲ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಮಂಗಳೂರಿನ ಹವೆಯೇ ಕಾರಣ. ತೇವ ಹೆಚ್ಚಿದ್ದಾಗ ಸೂಜಿಯಿಂದ ಹೊರಟ ದ್ರಾವಣದ ನೀರು ದಾರಿಯಲ್ಲೇ ಆರುವುದಿಲ್ಲ, ಹಸಿ ನಾರು ಕಲೆಕ್ಟರ್ (ನಾರು ಹಿಡಿಯುವ ತಟ್ಟೆ) ಮೇಲೆ ಬಿದ್ದು ಒಂದಕ್ಕೊಂದು ಅಂಟುತ್ತದೆ. ವೋಲ್ಟೇಜ್ ಏರಿಸಿ ಪ್ರಯೋಜನವಿಲ್ಲ. ನಾರು ತೆಗೆಯುವ ಪೆಟ್ಟಿಗೆಯೊಳಗೆ ಡಿಹ್ಯುಮಿಡಿಫೈಯರ್‌ನ (ತೇವ ಹೀರುವ ಯಂತ್ರ) ಗಾಳಿ ಬಿಟ್ಟು ತೇವ ಶೇ. 40–45ಕ್ಕೆ ಇಳಿಸಿ, ದ್ರಾವಣದ ಹರಿವು ಗಂಟೆಗೆ 0.3–0.5 ಮಿಲಿ, ಸೂಜಿಯಿಂದ ಕಲೆಕ್ಟರ್‌ಗೆ ದೂರ 15 ಸೆಂ.ಮೀ. ಇಡಿ.

ಎರಡನೆಯದರಲ್ಲಿ ನನ್ನ ಗುಮಾನಿ ಮೀಡಿಯಂ (ಕೋಶ ಬೆಳೆಸುವ ದ್ರವ) ಮೇಲೆ. ಬಾಟಲಿಯ ಲೇಬಲ್ ನೋಡಿ: ಸೋಡಿಯಂ ಪೈರುವೇಟ್ ಇದ್ದರೆ ಅದೇ ಪೆರಾಕ್ಸೈಡನ್ನು ತಿಂದು ಹಾಕುತ್ತದೆ. ಪೈರುವೇಟ್ ಇಲ್ಲದ, ಸೀರಂ ಇಲ್ಲದ ಮೀಡಿಯಂನಲ್ಲಿ 100ರಿಂದ 800 ಮೈಕ್ರೋಮೋಲಾರ್‌ವರೆಗೆ ಪೆರಾಕ್ಸೈಡ್‌ನ ಡೋಸ್ ಕರ್ವ್ (ಯಾವ ಪ್ರಮಾಣಕ್ಕೆ ಎಷ್ಟು ಕೋಶ ಸಾಯುತ್ತದೆ ಎಂಬ ಗೆರೆ) ಹಾಕಿ, ಅರ್ಧದಷ್ಟು ಕೋಶ ಸಾಯುವ ಮಟ್ಟ ಆರಿಸಿ. ಪೆರಾಕ್ಸೈಡ್ ಪ್ರತಿಸಲ ಹೊಸದಾಗಿ ಬೆರೆಸಬೇಕು.

ನಾರನ್ನು ಕೋಶಗಳ ಜತೆ ಮೊದಲೇ ಇಟ್ಟು, ತೆಗೆದು, ತೊಳೆದು, ಆಮೇಲೆ ಪೆರಾಕ್ಸೈಡ್ ಕೊಡಿ. ಒಟ್ಟಿಗೆ ಹಾಕಿದರೆ ಕೋಶಕ್ಕೆ ರಕ್ಷಣೆ ಸಿಕ್ಕಿತೋ, ಪೆರಾಕ್ಸೈಡ್ ಹೊರಗೇ ನಾಶವಾಯಿತೋ ಗೊತ್ತಾಗುವುದಿಲ್ಲ. ಡಿಸಿಎಫ್ (ಕೋಶದೊಳಗಿನ ಆಕ್ಸಿಡೀಕರಣ ತೋರಿಸುವ, ಹಸಿರು ಹೊಳೆಯುವ ಡೈ) ಓದುವಾಗ ಕರ್ಕ್ಯುಮಿನ್‌ನದೇ ಹಸಿರು ಬೆಳಕೂ ಸೇರುತ್ತದೆ. ನಾರು ತಾಗಿಸಿ ಡೈ ಹಾಕದ ಕೋಶಗಳ ಬ್ಲ್ಯಾಂಕ್ ಇಡಲೇಬೇಕು ಮಾರಾಯ್ರೆ. ನಾರು ನೀರಲ್ಲಿ ಕರಗದಂತೆ ಗ್ಲುಟರಾಲ್ಡಿಹೈಡ್‌ನಲ್ಲಿ ಕ್ರಾಸ್‌ಲಿಂಕ್ (ಎಳೆಗಳನ್ನು ರಾಸಾಯನಿಕವಾಗಿ ಬೆಸೆಯುವುದು) ಮಾಡಿದ್ದರೆ ಗ್ಲೈಸಿನ್‌ನಲ್ಲಿ ತೊಳೆಯಿರಿ, ಉಳಿಕೆ ಕೋಶಕ್ಕೆ ವಿಷ.