ಇಂಡೆಕ್ಸ್ ಫಂಡ್ ಅಂದ ಮಾತ್ರಕ್ಕೆ ಸ್ಮಾಲ್‌ಕ್ಯಾಪ್ ಸೇಫ್ ಆಗುವುದಿಲ್ಲ

ಪ್ರಶ್ನೆ: ಸೈಟ್ ಮಾರಿದ 10 ಲಕ್ಷ ರೂಪಾಯಿ ಕೈಯಲ್ಲಿದೆ. 3 ವರ್ಷ ಬಿಟ್ಟು ಮಗಳ ಎಂಜಿನಿಯರಿಂಗ್ ಸೀಟಿಗೆ ಬೇಕು. ನಿಫ್ಟಿ ಸ್ಮಾಲ್‌ಕ್ಯಾಪ್ 250 ಇಂಡೆಕ್ಸ್ ಫಂಡ್‌ಗೆ ಹಾಕೋಣ ಅಂತಿದ್ದೇನೆ. ಇಂಡೆಕ್ಸ್ ಫಂಡ್ ಆದ್ದರಿಂದ ರಿಸ್ಕ್ ಕಡಿಮೆ ಅಲ್ವಾ ಸರ್?

ಹಾಕಬೇಡಿ. ಸೈಟಿನ ಬದಲು ಪಿಎಫ್, ಸೀಟಿನ ಬದಲು ಮದುವೆ ಅಂತ ಬದಲಾಗುತ್ತದೆ ಅಷ್ಟೇ, ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ.

ಇಂಡೆಕ್ಸ್ ಫಂಡ್ ಅಂದರೆ ಒಂದು ಸೂಚ್ಯಂಕದಲ್ಲಿರುವ ಕಂಪನಿಗಳ ಶೇರುಗಳನ್ನೇ ಕೊಂಡಿಟ್ಟುಕೊಳ್ಳುವ ಫಂಡ್; ಸ್ಮಾಲ್‌ಕ್ಯಾಪ್ ಅಂದರೆ ಸಣ್ಣ ಕಂಪನಿಗಳು. ಇಂಥ ಫಂಡ್‌ನಲ್ಲಿ ತಪ್ಪುವುದು ಒಂದೇ ಅಪಾಯ: ಫಂಡ್ ಮ್ಯಾನೇಜರ್ ತಪ್ಪು ಕಂಪನಿ ಆರಿಸುವುದು. ಮಾರ್ಕೆಟ್ ಬಿದ್ದರೆ ಫಂಡೂ ಅಷ್ಟೇ ಬೀಳುತ್ತದೆ. ಸ್ಮಾಲ್‌ಕ್ಯಾಪ್ ಎಷ್ಟು ಬೀಳುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. 2018ರ ಜನವರಿಯ ಗರಿಷ್ಠ ಮಟ್ಟದಿಂದ 2020ರ ಮಾರ್ಚ್‌ಗೆ ನಿಫ್ಟಿ ಸ್ಮಾಲ್‌ಕ್ಯಾಪ್ 250 ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಆವತ್ತು ಹಾಕಿದ 10 ಲಕ್ಷ 5 ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಹಳೇ ಮಟ್ಟ ಮುಟ್ಟಲು 2021ರವರೆಗೆ ಕಾಯಬೇಕಾಯಿತು. 2020ರಲ್ಲಿ ಕಾಲೇಜು ಫೀಸ್ ಕಟ್ಟಬೇಕಿದ್ದವರು ಕಾಯುವುದು ಹೇಗೆ? ಕಾಲೇಜಿನವರು ಮಾರ್ಕೆಟ್ ಮೇಲೇಳಲಿ ಅಂತ ಒಂದು ವರ್ಷ ಬಿಡುತ್ತಾರಾ?

ಎಸ್‌ಐಪಿ (ತಿಂಗಳು ತಿಂಗಳು ಕಂತು ಕಟ್ಟುವುದು) ಮಾಡಿದರೆ ನಷ್ಟವಿಲ್ಲ ಅನ್ನುವ ಮಾತೂ ಸುಳ್ಳು. 2018ರಲ್ಲಿ ಶುರು ಮಾಡಿ ಎರಡು ವರ್ಷ ತಪ್ಪದೆ ಕಟ್ಟಿದವರು 2020ರ ಮಾರ್ಚ್ ಕೊನೆಯಲ್ಲಿ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಒಂದೊಂದು ಕಂತೂ ನಷ್ಟದಲ್ಲಿತ್ತು. ಆಗಲೂ ಬಿಡದೆ ಕಟ್ಟಿದವರಿಗೆ ಲಾಭ ಬಂತು, ನಿಜ. ಆದರೆ ಭಯ ಬಿದ್ದು ತುಂಬಾ ಜನ ನಿಲ್ಲಿಸಿದ್ದು ಅದೇ ಹೊತ್ತಿನಲ್ಲಿ.

ಆ್ಯಪ್‌ನಲ್ಲಿ ಕಾಣುವ ರಿಟರ್ನ್ ನೋಡಿ ಮರುಳಾಗಬೇಡಿ. 2020ರ ಮಾರ್ಚ್‌ನಿಂದ ಎಣಿಸಿದರೆ ಯಾವ ಸ್ಮಾಲ್‌ಕ್ಯಾಪ್ ಫಂಡೂ ಚೆಂದವೇ ಕಾಣುತ್ತದೆ. ಎಲ್ಲಿಂದ ಎಣಿಸಿದ್ದಾರೆ ಅಂತ ಮೊದಲು ನೋಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಸೂಚ್ಯಂಕದಲ್ಲಿರುವುದು ನಿಫ್ಟಿ 500 ಅನ್ನುವ 500 ಕಂಪನಿಗಳ ಪಟ್ಟಿಯಲ್ಲಿ, ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ 251ರಿಂದ 500ನೇ ಸ್ಥಾನದವರೆಗಿನ ಕಂಪನಿಗಳು. ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಪಟ್ಟಿ ಬದಲಾಗುತ್ತದೆ. ಚೆನ್ನಾಗಿ ಓದಿದವರನ್ನೆಲ್ಲ ಮೇಲಿನ ಸೆಕ್ಷನ್‌ಗೆ ಕಳಿಸಿ, ಅಲ್ಲಿ ಹಿಂದೆ ಬಿದ್ದವರನ್ನು ಇಲ್ಲಿ ಕೂರಿಸಿದ ಕ್ಲಾಸಿನ ಹಾಗೆ. ಬೆಳೆದ ಕಂಪನಿ ಮಿಡ್‌ಕ್ಯಾಪ್‌ಗೆ, ಅಂದರೆ ಮಧ್ಯಮ ಗಾತ್ರದ ಕಂಪನಿಗಳ ಪಟ್ಟಿಗೆ ಹೋದರೆ ಫಂಡ್ ಅದನ್ನು ಮಾರಲೇಬೇಕು. ಮಿಡ್‌ಕ್ಯಾಪ್‌ನಿಂದ ಜಾರಿ ಬಂದದ್ದನ್ನು ಕೊಳ್ಳಲೇಬೇಕು. ಸಣ್ಣ ಕಂಪನಿಗಳ ಶೇರು ದೊಡ್ಡ ಮೊತ್ತದಲ್ಲಿ ಸುಲಭಕ್ಕೆ ಕೈ ಬದಲಾಗುವುದೂ ಇಲ್ಲ. ಕೊಳ್ಳಲು ಹೋದರೆ ಬೆಲೆ ಏರುತ್ತದೆ, ಮಾರಲು ಹೋದರೆ ಇಳಿಯುತ್ತದೆ. ಆ ಖರ್ಚು ಬೀಳುವುದು ನಿಮ್ಮ ಮೇಲೆಯೇ. ಹಾಗಾಗಿ ಫಂಡ್ ಆರಿಸುವಾಗ ಎಕ್ಸ್‌ಪೆನ್ಸ್ ರೇಶಿಯೊ (ಫಂಡ್ ವರ್ಷಕ್ಕೆ ಹಿಡಿದುಕೊಳ್ಳುವ ಖರ್ಚು) ಒಂದನ್ನೇ ನೋಡಬೇಡಿ. ಸೂಚ್ಯಂಕಕ್ಕಿಂತ ಫಂಡ್ ಎಷ್ಟು ಹಿಂದೆ ಬಿದ್ದಿದೆ ಅನ್ನುವ ಟ್ರ್ಯಾಕಿಂಗ್ ಡಿಫರೆನ್ಸ್ ನೋಡಿ. 2024ರಿಂದ ಸ್ಮಾಲ್‌ಕ್ಯಾಪ್ ಫಂಡ್‌ಗಳು ತಮ್ಮ ಹೂಡಿಕೆಯ ಕಾಲು ಭಾಗ, ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಅಂತ ಪ್ರಕಟಿಸುತ್ತಿವೆ. ಒಮ್ಮೆ ಓದಿ ನೋಡಿ, ನನ್ನ ಗಾಬರಿ ಅರ್ಥವಾಗುತ್ತದೆ.

ಸ್ಮಾಲ್‌ಕ್ಯಾಪ್ ಬೇಡವೇ ಬೇಡ ಅಂತಲ್ಲ. 10 ವರ್ಷ ಮುಟ್ಟದ ಹಣ ಇರಲಿ. ನಿಮ್ಮ ಶೇರು ಹೂಡಿಕೆಯಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು. ನಾನು ಸ್ವಲ್ಪ ಅಂಜುಬುರುಕ, ಬೇರೆ ಸಲಹೆಗಾರರು ಜಾಸ್ತಿ ಹೇಳಬಹುದು. ಮಗಳ ಸೀಟಿನ ಹಣ ಮಾತ್ರ ಎಫ್‌ಡಿಯಲ್ಲೇ ಇರಲಿ.

ಪ್ರಶ್ನೆ: ಹೊಸ ಫಂಡ್ ಬಂದಿದೆ, ಎನ್‌ಎವಿ ಬರೀ 10 ರೂಪಾಯಿ. ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲಾ?

ಎನ್‌ಎವಿ ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆ ಅಷ್ಟೇ. 10 ರೂಪಾಯಿ ಅಗ್ಗವೂ ಅಲ್ಲ, 100 ರೂಪಾಯಿ ದುಬಾರಿಯೂ ಅಲ್ಲ. ಒಳಗಿರುವ ಶೇರುಗಳು ಅವೇ.

ಪ್ರಶ್ನೆ: ಎಸ್‌ಐಪಿಗೆ ತಿಂಗಳ ಯಾವ ತಾರೀಖು ಒಳ್ಳೆಯದು?

ಸಂಬಳ ಬಂದ ಮಾರನೇ ದಿನ.

ಪ್ರಶ್ನೆ: ಟೆಲಿಗ್ರಾಂ ಗ್ರೂಪಿನಲ್ಲಿ ಒಬ್ಬರು ಸ್ಮಾಲ್‌ಕ್ಯಾಪ್ ಶೇರು ಹೇಳುತ್ತಾರೆ, 3 ತಿಂಗಳಲ್ಲಿ ಡಬಲ್ ಗ್ಯಾರಂಟಿ ಅಂತೆ. ನಂಬಬಹುದಾ?

ಗ್ರೂಪ್ ಬಿಟ್ಟು ಹೊರಬನ್ನಿ, ಇವತ್ತೇ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರು ಲಾಭದ ಗ್ಯಾರಂಟಿ ಕೊಡುವ ಹಾಗೇ ಇಲ್ಲ. ಇಂಥವರು ತಾವು ಮೊದಲೇ ಕೊಂಡ ಶೇರನ್ನು ನಿಮ್ಮ ಕೈಗೆ ದಾಟಿಸಿ ಜಾಗ ಖಾಲಿ ಮಾಡುತ್ತಾರೆ. ಆಮೇಲೆ ಆ ಶೇರು ದಿನವೂ ಲೋಯರ್ ಸರ್ಕ್ಯೂಟ್‌ನಲ್ಲಿ, ಅಂದರೆ ಒಂದು ದಿನಕ್ಕೆ ಬೆಲೆ ಇಳಿಯಬಹುದಾದ ಕೊನೇ ಮಿತಿಯಲ್ಲಿ ಕೂತಿರುತ್ತದೆ. ಮಾರೋಣ ಅಂದರೂ ಕೊಳ್ಳುವವರಿರುವುದಿಲ್ಲ.

ಪ್ರಶ್ನೆ: ಇಂಡೆಕ್ಸ್ ಫಂಡ್ ಮಾರಿದರೆ ತೆರಿಗೆ ಎಷ್ಟು?

ಭಾರತದ ಶೇರುಗಳ ಇಂಡೆಕ್ಸ್ ಫಂಡ್ ಆದರೆ, ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ್ದರೆ, ಒಂದು ಹಣಕಾಸು ವರ್ಷದ ಲಾಭದಲ್ಲಿ 1.25 ಲಕ್ಷ ರೂಪಾಯಿ ಬಿಟ್ಟು ಉಳಿದದ್ದಕ್ಕೆ ಶೇ 12.5. 2024ರ ಜುಲೈ 23ರಿಂದ ಈ ದರ ಜಾರಿಯಲ್ಲಿದೆ.