ಇಬ್ಬರು ಚೆನ್ನಮ್ಮಂದಿರು, ಒಂದು ನಿಮಿಷದ ವಿಡಿಯೋ

ಸಿಂಧೂ ನಾಗರಿಕತೆಯಿಂದ ಇವತ್ತಿನವರೆಗೆ ನೂರು ವಿಡಿಯೋ, ಒಂದೊಂದೂ ಒಂದು ನಿಮಿಷ. ದೇಶದ ಇತಿಹಾಸ, ಭೂಗೋಳ, ಸಂಸ್ಕೃತಿ ಎಲ್ಲಾ ಕನ್ನಡದಲ್ಲಿ. ಇಷ್ಟು ಮಾಡಬೇಕು ಅಂತಿದ್ದೇನೆ, ಯಾವ ಕ್ಯಾಮೆರಾ ತಗೊಳ್ಳಲಿ, ಯಾವ ಕ್ರಮದಲ್ಲಿ ಮಾಡಲಿ ಅಂತ ಕೇಳಿ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನನ್ನ ಹಳೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದೇ ಪಟ್ಟಿ ಇದೆ. ನಂದು ಇನ್ನೂ ಜಾಸ್ತಿ, ನೂರಾ ಎಂಟು. ಜಪಮಾಲೆ ಲೆಕ್ಕ.

ನಂದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಜೆರಾಕ್ಸ್ ಅಂಗಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಬಿ.ಎ.ಯಲ್ಲಿ ಇತಿಹಾಸ ಓದಿದ್ದವನು, ಸುಮ್ನೆ ಕೂರೋ ಬದಲು ವಿಡಿಯೋ ಮಾಡೋಣ ಅಂತ ಶುರು ಮಾಡಿದೆ. ಹರಪ್ಪ ಆಯ್ತು, ಮೊಹೆಂಜೊದಾರೊ ಆಯ್ತು, ಬುದ್ಧ, ಅಶೋಕ. ಒಂದೊಂದನ್ನೂ ನೋಡಿದವರು ನಲವತ್ತು ಜನ ಇರಬಹುದು. ಅದರಲ್ಲಿ ಅರ್ಧ ನಮ್ಮ ನೆಂಟರು. ಈಗ ಹಿಂದೆ ತಿರುಗಿ ನೋಡಿದರೆ ನಾನೇ ಪೂರ್ತಿ ನೋಡಲಾರೆ. ಪಠ್ಯಪುಸ್ತಕವನ್ನು ಮ್ಯೂಸಿಕ್ ಹಾಕಿ ಗಟ್ಟಿಯಾಗಿ ಓದಿದ ಹಾಗಿದೆ, ಅಷ್ಟೇ.

ರಾಜ್ಯೋತ್ಸವ ಹತ್ತಿರ ಬಂದಿತ್ತು. ಗುಪ್ತರನ್ನು ಅತ್ತ ಇಟ್ಟು, ನಮ್ಮೂರ ಪಕ್ಕದವಳೇ ಅಲ್ವಾ ಅಂತ ಕೆಳದಿ ಚೆನ್ನಮ್ಮನ ಮೇಲೆ ಒಂದು ವಿಡಿಯೋ ಮಾಡಿದೆ. ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನ ನೋಡಿದರು. ಆ ನಾಲ್ಕು ದಿನ ನಾನು ಜೆರಾಕ್ಸ್ ಮಾಡಿದ ಕಾಗದಗಳಲ್ಲಿ ಎಷ್ಟು ಓರೆಯಾಗಿ ಬಂದವೋ ದೇವರಿಗೇ ಗೊತ್ತು. ಕಣ್ಣೆಲ್ಲಾ ಫೋನಿನ ಮೇಲೆ.

ತಪ್ಪು ಆಗಿದ್ದು ಅದರಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದಿ.

ಸ್ಕ್ರಿಪ್ಟ್ ಸರಿ ಇತ್ತು. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಚೆನ್ನಮ್ಮ ಸುಮಾರು 25 ವರ್ಷ ಆಳಿದ್ದು, ಬಸಪ್ಪನನ್ನು ದತ್ತು ತಗೊಂಡಿದ್ದು, 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಗೆ ಹೋಗುವಾಗ ಅವನಿಗೆ ಆಶ್ರಯ ಕೊಟ್ಟಿದ್ದು. ಎಲ್ಲವನ್ನೂ ಪುಸ್ತಕ ನೋಡಿಯೇ ಬರೆದಿದ್ದೆ. ಆದರೆ ವಿಡಿಯೋಗೆ ಚಿತ್ರ ಬೇಕಲ್ಲ? ರಾತ್ರಿ ಹನ್ನೊಂದೂವರೆ. ಕರೆಂಟು ಹೋಗಿತ್ತು, ಫೋನಿನಲ್ಲಿ ಹದಿನಾಲ್ಕು ಪರ್ಸೆಂಟ್ ಚಾರ್ಜು. ‘ರಾಣಿ ಚೆನ್ನಮ್ಮ’ ಅಂತ ಹುಡುಕಿದೆ. ಕುದುರೆ ಮೇಲೆ ಕೂತು ಕತ್ತಿ ಹಿರಿದ ರಾಣಿಯ ಚಂದದ ಬಣ್ಣದ ಚಿತ್ರ ಬಂತು. ಹಾಕಿದೆ. ಆ ಚಿತ್ರ ಹಾಕಿದ ಮೇಲೆ ಎಡಿಟಿಂಗ್ ಆ್ಯಪ್ ತಾನೇ ಒಂದು ಯುದ್ಧದ ತುಣುಕು ತೋರಿಸಿತು. ಕೆಂಪು ಕೋಟಿನ ಸಿಪಾಯಿಗಳು ಬಂದೂಕು ಹಿಡಿದು ಸಾಲಾಗಿ ನಿಂತಿದ್ದು. ಚೆನ್ನಾಗಿದೆ ಅಂತ ಅದನ್ನೂ ಎಂಟು ಸೆಕೆಂಡು ಹಾಕಿದೆ.

ಅದು ಕಿತ್ತೂರು ಚೆನ್ನಮ್ಮ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಕುದುರೆ ಮೇಲೆ ಇದ್ದಾಳಲ್ಲ, ಅವಳು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಕಾದಾಡಿದವಳು. ಆ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆಮೇಲೆ ಅವಳು ಸೆರೆಯಾಗಿ, 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡಳು. ನಮ್ಮ ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದಕ್ಕೂ ಕಿತ್ತೂರಿನವಳ ಯುದ್ಧಕ್ಕೂ ನಡುವೆ 135 ವರ್ಷ. ಇಬ್ಬರ ಹೆಸರೂ ಒಂದೇ, ಇಬ್ಬರೂ ಗಂಡ ಸತ್ತ ಮೇಲೆ ರಾಜ್ಯ ನೋಡಿಕೊಂಡವರು, ಇಬ್ಬರೂ ದತ್ತು ತಗೊಂಡವರು. ಹಾಗಾಗಿ ಯಾರಿಗಾದರೂ ಗೊಂದಲ ಆಗುತ್ತೆ ಅಂತ ನನ್ನನ್ನು ನಾನೇ ತುಂಬಾ ದಿನ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ನನಗೆ ಗೊಂದಲ ಆಗಿರಲಿಲ್ಲ. ನನಗೆ ಇಬ್ಬರೂ ಗೊತ್ತಿತ್ತು. ಚಿತ್ರವನ್ನು ನಾನು ನೋಡಲೇ ಇಲ್ಲ. ಬಾಯಲ್ಲಿ ಔರಂಗಜೇಬ ಅನ್ನುತ್ತಿದ್ದೆ, ಪರದೆ ಮೇಲೆ ಕೆಂಪು ಕೋಟು ಓಡುತ್ತಿತ್ತು. ಕೆಳದಿ ನಮ್ಮ ಅಂಗಡಿಯಿಂದ ಹತ್ತು ಕಿಲೋಮೀಟರೂ ಇಲ್ಲ. ಅಲ್ಲಿ ಮ್ಯೂಸಿಯಮ್ಮೇ ಇದೆ. ಒಂದು ಮಧ್ಯಾಹ್ನ ಬೈಕ್ ಹತ್ತಿದ್ದರೆ ಸಾಕಿತ್ತು.

ನಾಲ್ಕನೇ ದಿನ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಅಂಗಡಿಗೆ ಬಂದಳು. ಶಾಲೆಯಲ್ಲಿ ಚಾರ್ಟ್ ಸ್ಪರ್ಧೆ. ನನ್ನದೇ ವಿಡಿಯೋದಿಂದ ಸ್ಕ್ರೀನ್‌ಶಾಟ್ ತೆಗೆದುಕೊಂಡು ಬಂದಿದ್ದಳು. ‘ಅಣ್ಣಾ, ಕಲರ್ ಪ್ರಿಂಟ್ ಎಷ್ಟು?’ ಹತ್ತು ರೂಪಾಯಿ ಅಂದೆ. ಆಮೇಲೆ ಖುಷಿಗೆ, ನನ್ನ ವಿಡಿಯೋ ಅಲ್ವಾ ಅಂತ, ದುಡ್ಡು ಬೇಡ ಅಂದೆ. ಎ ಫೋರ್ ಗ್ಲಾಸಿ ಪೇಪರಿನಲ್ಲಿ ದೊಡ್ಡದಾಗಿ ತೆಗೆದುಕೊಟ್ಟೆ. ಆಗಲೂ ನೋಡಲಿಲ್ಲ ನೋಡಿ. ನನ್ನ ಕೈಯಲ್ಲೇ ಬಂತು ಆ ಹಾಳೆ, ಇನ್ನೂ ಬಿಸಿಬಿಸಿಯಾಗಿತ್ತು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ‘ಅಣ್ಣಾ, ಇವಳು ಕಿತ್ತೂರಿನವಳಂತೆ. ತೀರ್ಪಿಗೆ ಬಂದ ಮೇಷ್ಟ್ರು ಎಲ್ಲರ ಎದುರಿಗೆ ಹೇಳಿದ್ರು.’ ಜಗಳ ಇಲ್ಲ, ಅಳು ಇಲ್ಲ. ಸುಮ್ನೆ ಹೇಳಿ ನಿಂತಳು. ನಾನು ಏನು ಹೇಳಿದೆ ಗೊತ್ತಾ? ‘ಹೌದಾ, ನೋಡ್ತೀನಿ’ ಅಂದೆ.

ವಿಡಿಯೋ ಆವತ್ತೇ ತೆಗೆಯಬೇಕಿತ್ತು. ತೆಗೆಯಲಿಲ್ಲ. ನಲವತ್ತು ಸಾವಿರ ಅಲ್ವಾ, ಮನಸ್ಸು ಬರಲಿಲ್ಲ. ‘ಚಿತ್ರ ತಪ್ಪಾಗಿದೆ, ಕ್ಷಮಿಸಿ’ ಅಂತ ಕೆಳಗೆ ಕಾಮೆಂಟಿನಲ್ಲಿ ಬರೆದು ಕೈ ತೊಳೆದುಕೊಂಡೆ. ನನಗೆ ದುಬಾರಿಯಾಗಿದ್ದು ಚಿತ್ರ ಅಲ್ಲ, ಇದು. ಯಾಕೆಂದರೆ ವಾಟ್ಸಾಪಿಗೆ ಹೋಗುವಾಗ ವಿಡಿಯೋ ಮಾತ್ರ ಹೋಗುತ್ತೆ, ಕಾಮೆಂಟು ಅಲ್ಲೇ ಉಳಿಯುತ್ತೆ. ಮುಂದಿನ ವರ್ಷ ನವೆಂಬರಿನಲ್ಲಿ ದಾವಣಗೆರೆಯ ನಮ್ಮ ಭಾವ ಅದನ್ನೇ ನನಗೆ ಕಳಿಸಿದರು, ‘ನಿಮ್ಮ ಕಡೆಯ ರಾಣಿ ನೋಡು’ ಅಂತ. ಯಾರೋ ನನ್ನ ಹೆಸರು ಕತ್ತರಿಸಿ ತಮ್ಮ ಹೆಸರು ಹಾಕಿದ್ದರು. ಕೆಂಪು ಕೋಟು ಹಾಗೇ ಇತ್ತು. ಒಂದು ಶಾಲೆಯವರು ಶನಿವಾರ ಬೆಳಗ್ಗೆ ಬಂದು ಮಕ್ಕಳಿಗೆ ವಿಡಿಯೋ ತೋರಿಸಿ ಅಂತ ಕರೆಯುತ್ತಿದ್ದರು, ಅವರೂ ಕರೆಯುವುದನ್ನು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹಾಗಾಗಿ ನಿಮ್ಮ ನೂರರ ಪಟ್ಟಿ ಹರಿದು ಹಾಕಿ. ಹರಪ್ಪವನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ. ನೋಡದೆ ಇರೋದರ ಬಗ್ಗೆ ಮಾಡಿದರೆ ಬೇರೆಯವರ ಚಿತ್ರ ಹುಡುಕುತ್ತೀರಿ, ಆಮೇಲೆ ನನ್ನ ಥರ ಆಗುತ್ತೆ. ದೇಶದ ಇತಿಹಾಸ ಹೇಳಬೇಕು ಅಂದರೆ ದೇಶದ ತುದಿಯಿಂದಲೇ ಶುರು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ. ಈಗ ನನ್ನ ಲೆಕ್ಕ ಒಂದೇ: ಬೈಕಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರೋ ದೂರದಲ್ಲಿ ಇರೋ ವಸ್ತು, ಒಂದು ವಿಡಿಯೋಗೆ ಒಂದೇ ವಸ್ತು.

ಇಲ್ಲೇ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನೆಲದಲ್ಲಿ ಮೂವರು ಕೆಳದಿ ಅರಸರು ಅಡ್ಡಬಿದ್ದ ಹಾಗೆ ಕೆತ್ತನೆ ಇದೆ, ಹೆಸರಿನ ಸಮೇತ. ಜನ ನಡೆಯೋ ಜಾಗದಲ್ಲಿ ರಾಜ ಯಾಕೆ ಮಲಗಿದ್ದಾನೆ ಅಂತ ಕೇಳಿ ವಿಡಿಯೋ ಮುಗಿಸಿದೆ. ಅಷ್ಟೇ. ಉತ್ತರ ಹೇಳಲಿಲ್ಲ. ಮಕ್ಕಳು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿ ಬಂದರು. ಶಿಕಾರಿಪುರ ತಾಲೂಕಿನ ಈಸೂರಿನದು ಇನ್ನೊಂದು. 1942ರಲ್ಲಿ ನಮ್ಮೂರು ಸ್ವತಂತ್ರ ಅಂತ ಹಳ್ಳಿಯವರೇ ಘೋಷಣೆ ಮಾಡಿಕೊಂಡು, ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್‌ಇನ್ಸ್‌ಪೆಕ್ಟರ್ ಅಂತ ನೇಮಿಸಿದರು. ಮುಂದಿನ ವರ್ಷ ಆ ಊರಿನ ಐದು ಜನರಿಗೆ ಗಲ್ಲಾಯಿತು. ಕ್ವಿಟ್ ಇಂಡಿಯಾ ಅಂದರೇನು ಅಂತ ಬಾಂಬೆಯಿಂದ ಶುರು ಮಾಡಿದ್ದರೆ ಏಳನೇ ಕ್ಲಾಸಿನವರು ಆಕಳಿಸುತ್ತಿದ್ದರು. ಒಬ್ಬ ಹುಡುಗ ಅಮಲ್ದಾರ ಆಗಿದ್ದ ಅಂದರೆ ಬಾಯಿ ಬಿಟ್ಟುಕೊಂಡು ಕೂರುತ್ತಾರೆ.

ಭೂಗೋಳಕ್ಕೆ ನಮ್ಮ ಅತ್ತೆ ಮನೆ ಮಾಡು ಸಾಕಾಯ್ತು. ಅತ್ತೆ ಮನೆ ತೀರ್ಥಹಳ್ಳಿ ತಾಲೂಕು. ತೀರ್ಥಹಳ್ಳಿ ಪೇಟೆ ಪಕ್ಕದಲ್ಲಿ ತುಂಗೆ ಹರಿಯುತ್ತಾಳೆ, ಅದೇ ತಾಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತಾಳೆ. ತುಂಗೆ ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ, ಕೃಷ್ಣೆಗೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಇದನ್ನು ಮ್ಯಾಪಿನಲ್ಲಿ ತೋರಿಸಿದರೆ ಮಕ್ಕಳಿಗೆ ನೀಲಿ ಗೆರೆ, ಅಷ್ಟೇ. ನಾನು ಏಣಿ ಹತ್ತಿ, ಹಂಚಿನ ಮಾಡಿನ ನೆತ್ತಿ ಮೇಲೆ ಒಂದು ಚೊಂಬು ನೀರು ಸುರಿದೆ. ಅರ್ಧ ನೀರು ಅಂಗಳಕ್ಕೆ ಇಳಿಯಿತು, ಅರ್ಧ ಹಿತ್ತಲಿಗೆ. ಅಂಗಳದ್ದು ಶರಾವತಿ, ಹಿತ್ತಲದ್ದು ತುಂಗೆ, ನೆತ್ತಿ ನಮ್ಮ ಪಶ್ಚಿಮ ಘಟ್ಟ. ನಲವತ್ತೆರಡು ಸೆಕೆಂಡು. ಕೊನೆಯಲ್ಲಿ ಅತ್ತೆ ‘ಹಂಚು ಒಡೀಬೇಡ ಮಾರಾಯಾ, ಮಳೆಗಾಲ ಬಂತು’ ಅಂತ ಕೂಗಿದ್ದೂ ಕೇಳಿಸುತ್ತೆ. ತೆಗೆಯಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಜನಕ್ಕೆ ನೆನಪಿರೋದು ಅದೇ.

ಸಂಸ್ಕೃತಿ ಅಂತ ಬೇರೆ ವಿಡಿಯೋ ಮಾಡಲು ಹೋಗಬೇಡಿ, ಹಬ್ಬದ ಶುಭಾಶಯದ ಕಾರ್ಡ್ ಆಗುತ್ತೆ. ಭೂಮಿಗೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಮುಂಚೆ ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕೈ ಮಾತ್ರ ತೋರಿಸಿ, ನೀವು ಬಾಯಿ ಮುಚ್ಚಿಕೊಂಡಿರಿ.

ಒಂದು ನಿಮಿಷದಲ್ಲಿ ಕಲಿಸಬಹುದು ಅನ್ನೋದೇ ನನಗೆ ಈಗ ನಂಬಿಕೆ ಇಲ್ಲ. ಕೇಳೋ ಹಾಗೆ ಮಾಡಬಹುದು. ಆಮೇಲೆ ಮಕ್ಕಳು ಮೇಷ್ಟ್ರನ್ನೋ ಅಜ್ಜಿಯನ್ನೋ ಹಿಡಿದುಕೊಳ್ಳುತ್ತಾರೆ. ತಪ್ಪು ಗೊತ್ತಾದ ದಿನವೇ ವಿಡಿಯೋ ತೆಗೆಯಿರಿ, ಲಕ್ಷ ಜನ ನೋಡಿದ್ದರೂ. ಸರಿ ಮಾಡಿ ಮತ್ತೆ ಹಾಕಿ. ಆ ಹುಡುಗಿ ಈಗ ಪಿಯುಸಿ. ನನ್ನ ಸ್ಕ್ರಿಪ್ಟೂ ಚಿತ್ರಗಳೂ ಅವಳ ಕೈಗೆ ಹೋಗಿ ಬಂದ ಮೇಲೇ ಮುಂದಿನ ಕೆಲಸ. ಅವಳಿಗೆ ಜೆರಾಕ್ಸ್ ಫ್ರೀ.

ಕ್ಯಾಮೆರಾ ಕೇಳಿದ್ದಿರಿ, ಮರೆತೇಬಿಟ್ಟೆ. ಕೈಯಲ್ಲಿರೋ ಫೋನು ಸಾಕು. ಶರ್ಟಿಗೆ ಸಿಕ್ಕಿಸೋ ಒಂದು ಮೈಕ್ ತಗೊಳ್ಳಿ. ನಮ್ಮ ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮಾಡಿನ ಕೆಳಗೆ ಧ್ವನಿ ರೆಕಾರ್ಡ್ ಮಾಡೋಕೆ ಆಗಲ್ಲ, ಮಳೆ ಶಬ್ದಕ್ಕೆ ನಿಮ್ಮ ಮಾತು ನಿಮಗೇ ಕೇಳಲ್ಲ. ನಾನು ಎರಡು ಕಂಬಳಿ ಮುಸುಕು ಹಾಕಿಕೊಂಡು ಒಳಗೆ ಕೂತು ಮಾತಾಡುತ್ತೇನೆ. ಹೋದ ಆಷಾಢದಲ್ಲಿ ನೆಂಟರೊಬ್ಬರು ಬಾಗಿಲಲ್ಲಿ ಇಣುಕಿ, ‘ಜ್ವರ ಎಷ್ಟು ದಿನದಿಂದ?’ ಅಂತ ನಮ್ಮನೆಯವಳನ್ನು ಕೇಳಿ, ಹಣೆ ಮುಟ್ಟಿ ನೋಡಿ ಹೋದರು.